ಮಡಕೆ ಕೊಟ್ಟು ಹೊತ್ತು ಪಡೆಯುವ ಕ್ರಮ: ಲೆಕ್ಕ, ದಿನ, ಪುಸ್ತಕ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯ ಕಡೆ ಮಣ್ಣಿನ ಪಾತ್ರೆ ಬೇಕೆನ್ನುವ ಮನೆಗಳು ಇನ್ನೂ ಇವೆ. ಮೀನು ಸಾರಿಗೆ ಬಿಸಲೆ, ದೋಸೆಗೆ ಓಡು, ಬೇಸಿಗೆಗೆ ಹೂಜಿ, ದೀಪಾವಳಿಗೆ ಹಣತೆ. ಮಾಡುವವರ ಕಷ್ಟ ಬೇರೆ ಕಡೆ ಇದೆ: ಮಣ್ಣು ಹೊರಲು, ಸೋಸಲು, ತುಳಿಯಲು ಜನ ಇಲ್ಲ. ತೋಟದ ಕೆಲಸಕ್ಕೆ ಸಿಗುವ ಸಂಬಳ ಕೊಟ್ಟು ಆಳು ಇಟ್ಟರೆ ಮಡಕೆಯ ಬೆಲೆಯಲ್ಲಿ ಅದು ಹುಟ್ಟುವುದಿಲ್ಲ. ಹಾಗಾಗಿ ಸುಟ್ಟ ಪಾತ್ರೆಗಳಲ್ಲಿ ಒಂದು ಪಾಲನ್ನು ದುಡ್ಡಿಗೆ ಮಾರದೆ, ಬೇಕಾದವರ ಒಂದೆರಡು ಗಂಟೆಯ ಕೆಲಸಕ್ಕೆ ಬದಲಾಗಿ ಕೊಡುವುದು ಹಲವರಿಗೆ ಕೂಡಿಬರುವ ದಾರಿ. ನಾಟಿಗೆ ಮುಯ್ಯಾಳು (ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು) ಹೋಗಿ ಬಂದ ಊರುಗಳಿಗೆ ಇದು ತೀರ ಹೊಸದಲ್ಲ. ಆದರೆ ಮುಯ್ಯಾಳಿನಲ್ಲಿ ಎರಡೂ ಕಡೆ ಒಂದೇ ಬಗೆಯ ಕೆಲಸ. ಇಲ್ಲಿ ಒಂದು ಕಡೆ ವಸ್ತು, ಇನ್ನೊಂದು ಕಡೆ ಹೊತ್ತು. ಅಳತೆ ಸರಿಯಾಗಿ ಹಿಡಿಯದಿದ್ದರೆ ಮಡಕೆಯೂ ಹೋಗುತ್ತದೆ, ನೆರೆಮನೆಯವರ ಜತೆ ಮಾತೂ ನಿಲ್ಲುತ್ತದೆ.

ಶುರು ಮಾಡುವವರು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದು ದರದ ಬಗ್ಗೆ: ಒಂದು ಅಳಗೆಗೆ (ಅಡಿಗೆಯ ಮಡಕೆಗೆ) ಒಂದು ಗಂಟೆಯೋ ಎರಡೋ ಎಂದು. ದರ ಹದಿನೈದು ನಿಮಿಷ ಹೆಚ್ಚುಕಡಿಮೆಯಾದರೆ ಯಾರೂ ಮುಳುಗುವುದಿಲ್ಲ. ಮುಳುಗಿಸುವುದು ಗೊತ್ತುಮಾಡದ ದಿನ. ಫೆಬ್ರವರಿಯಲ್ಲಿ ಮಣ್ಣು ಸೋಸಲು ಸಿಕ್ಕ ಎರಡು ಗಂಟೆಗೆ ಬೆಲೆ ಇದೆ. ಅದೇ ಎರಡು ಗಂಟೆ ಜುಲೈಯ ಜಡಿಮಳೆಯಲ್ಲಿ ಸಿಕ್ಕಿದರೆ ಕುಂಬಾರರ ಅಂಗಳದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಮುಂದಿನ ಎಲ್ಲ ಹೆಜ್ಜೆಗಳನ್ನೂ ಇದನ್ನು ನೆನಪಿಟ್ಟುಕೊಂಡೇ ಓದಿ.

ಮೊದಲು ನಿಮಗೆ ಬೇಕಾದ ಕೆಲಸಗಳನ್ನು ಬರೆದುಕೊಳ್ಳಿ

ಪಾತ್ರೆಗಳ ಪಟ್ಟಿಗಿಂತ ಮೊದಲು ಕೆಲಸದ ಪಟ್ಟಿ ಆಗಬೇಕು. ಲಂಡನ್ನಿನಲ್ಲಿ 1832ರಲ್ಲಿ ರಾಬರ್ಟ್ ಓವನ್ ಶ್ರಮ ವಿನಿಮಯ ಕೇಂದ್ರವೊಂದನ್ನು ತೆರೆದಿದ್ದರು. ಕುಶಲಕರ್ಮಿಗಳು ಮಾಡಿದ ವಸ್ತು ತಂದುಕೊಟ್ಟು, ಅದಕ್ಕೆ ಹಿಡಿದ ಗಂಟೆಗಳ ಚೀಟಿ ಪಡೆಯುತ್ತಿದ್ದರು. ಬೇಕಾದ ವಸ್ತು ಬೇಗ ಖಾಲಿಯಾಗಿ, ಯಾರಿಗೂ ಬೇಡದ್ದು ರಾಶಿ ಬಿದ್ದದ್ದು ಅದು ಎರಡೇ ವರ್ಷಕ್ಕೆ ಮುಚ್ಚಲು ಒಂದು ಕಾರಣ. ಹೊತ್ತಿಗೂ ಇದೇ ಗತಿ: ನಿಮಗೆ ಬೇಡದ ಗಂಟೆಗಳನ್ನು ಸ್ವೀಕರಿಸಿದರೆ ಪುಸ್ತಕದಲ್ಲಿ ಜಮೆ ಬೆಳೆಯುತ್ತದೆ, ಮನೆಯಲ್ಲಿ ಅಕ್ಕಿ ಬೆಳೆಯುವುದಿಲ್ಲ.

ಪಟ್ಟಿಯನ್ನು ಮೂರು ಭಾಗ ಮಾಡಿ.

ಒಂದು, ಮಣ್ಣಿನ ಕೆಲಸ. ಹೆಂಟೆ ಒಡೆಯುವುದು, ಕಲ್ಲು ಹೆಕ್ಕುವುದು, ನೆನೆಸಿ ಸೋಸುವುದು, ತುಳಿಯುವುದು, ನುಣುಪುಗಲ್ಲಿನಿಂದ ಉಜ್ಜುವುದು, ಆವಿಗೆಗೆ (ಮಡಕೆ ಸುಡುವ ಗೂಡಿಗೆ) ಹೊರುವುದು, ಬೆಂಕಿ ಕಾಯುವುದು. ತಿಗರಿಯ (ಕುಂಬಾರರ ಚಕ್ರದ) ಮೇಲೆ ಎತ್ತುವುದನ್ನೂ ಹಲಗೆಯಿಂದ ತಟ್ಟಿ ತಳ ಕೂಡಿಸುವುದನ್ನೂ ಈ ಪಟ್ಟಿಗೆ ಸೇರಿಸಲೇಬೇಡಿ. ಅದನ್ನು ಮಾಡಲು ಬರುವವರು ಕಲಿಯಲು ಬಂದವರು. ಅಲ್ಲಿ ಹೊತ್ತು ಕೊಡುತ್ತಿರುವುದು ನೀವು, ಅವರಲ್ಲ.

ಎರಡು, ಮನೆ ಮತ್ತು ಹಿತ್ತಿಲ ಕೆಲಸ. ಮಳೆಗೆ ಮೊದಲು ಹಂಚು ಸರಿಮಾಡುವುದು, ತೋಡು ಬಿಡಿಸುವುದು, ಅಡಿಕೆ ಸುಲಿಯುವುದು, ಬಟ್ಟೆ ಹೊಲಿಯುವುದು, ಮಕ್ಕಳಿಗೆ ಪಾಠ. ಮರ ಹತ್ತುವುದು, ಸುರಂಗ ಅಥವಾ ಬಾವಿಗೆ ಇಳಿಯುವುದು, ಕರೆಂಟು ಕಂಬ ಮುಟ್ಟುವುದು ವಿನಿಮಯಕ್ಕೆ ಬೇಡ. ಜೀವಕ್ಕೆ ಅಪಾಯ ಇರುವ ಕೆಲಸಕ್ಕೆ ಬಲ್ಲವರನ್ನು ಕರೆದು ದುಡ್ಡನ್ನೇ ಕೊಡಬೇಕು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಕಾಗದಪತ್ರದ ಕೆಲಸ. ಕನ್ನಡ ಮಾತ್ರ ಓದಲು ಬರುವವರಿಗೆ ಮಲೆಯಾಳದಲ್ಲಿರುವ ಅರ್ಜಿ, ನೋಟಿಸು ಓದಿ ಹೇಳಿ ತುಂಬಿಸಿಕೊಡುವವರ ಒಂದು ಗಂಟೆ ಬಹಳ ದೊಡ್ಡದು. ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಜತೆ ಬರುವುದು, ಬ್ಯಾಂಕಿನ ಫಾರ್ಮು, ಮೊಬೈಲಿನಲ್ಲಿ ಪಾತ್ರೆಗಳ ಒಳ್ಳೆಯ ಫೋಟೋ ತೆಗೆದು ಬೆಲೆ ಬರೆದು ಗುಂಪುಗಳಿಗೆ ಕಳಿಸುವುದು, ವರ್ಷದ ಲೆಕ್ಕ ಬರೆಯುವುದು. ಹೊರೆ ಹೊರಲಾಗದ ನಿವೃತ್ತ ಮಾಷ್ಟ್ರು, ಕಾಲೇಜಿಗೆ ಹೋಗುವ ಹುಡುಗಿ ಇಂಥ ಕೆಲಸದಿಂದಲೇ ಪಾತ್ರೆ ಪಡೆಯಬಹುದು. ಮಳೆಗಾಲದಲ್ಲಿ ನಡೆಯುವುದೂ ಇದೇ.

ಒಂದು ಪಾತ್ರೆಗೆ ಎಷ್ಟು ಹೊತ್ತು?

ತಿಗರಿಯ ಮೇಲೆ ಕೂತ ಹೊತ್ತನ್ನಷ್ಟೇ ಲೆಕ್ಕ ಹಿಡಿದರೆ ಒಂದು ಅಳಗೆಗೆ ಹತ್ತು ನಿಮಿಷ ಬರುತ್ತದೆ. ಆ ದರದಲ್ಲಿ ಕೊಟ್ಟವರು ಎರಡನೇ ಆವಿಗೆಗೆ ಮೊದಲೇ ಕೈಬಿಡುತ್ತಾರೆ. ಒಂದೊಂದು ಪಾತ್ರೆಯನ್ನು ಬೇರೆ ಬೇರೆ ಅಳೆಯದೆ, ಇಡೀ ಒಂದು ಸುತ್ತನ್ನು, ಎಂದರೆ ಮಣ್ಣು ಒಡೆಯುವುದರಿಂದ ಆವಿಗೆ ಬಿಚ್ಚುವವರೆಗೆ, ಅಳೆಯಿರಿ. ಮನೆಯವರ ಹೊತ್ತೂ ಸೇರಬೇಕು. ಮಣ್ಣು ತುಳಿದವರು, ಕೆಮ್ಮಣ್ಣು ಬಳಿದವರು, ಉಜ್ಜಿದವರು ಮನೆಯ ಹೆಂಗಸರೇ ಆಗಿರುತ್ತಾರೆ. ಅದನ್ನು ಬಿಟ್ಟ ಲೆಕ್ಕ ಸುಳ್ಳು ಲೆಕ್ಕ.

ಎರಡು ಲೀಟರಿನ 40 ಅಳಗೆಗಳ ಸುತ್ತಿಗೆ ಮಾದರಿ ಲೆಕ್ಕ ಹೀಗೆ ಬರುತ್ತದೆ. ಮಣ್ಣು ಒಡೆದು, ನೆನೆಸಿ, ಸೋಸಲು 6 ಗಂಟೆ. ತುಳಿದು ಹದ ಮಾಡಲು 3 ಗಂಟೆ. ತಿಗರಿಯಲ್ಲಿ ಎತ್ತಲು ಒಂದಕ್ಕೆ 10 ನಿಮಿಷದಂತೆ 6 ಗಂಟೆ 40 ನಿಮಿಷ. ತಟ್ಟಿ ತಳ ಕೂಡಿಸಲು ಒಂದಕ್ಕೆ 8 ನಿಮಿಷದಂತೆ 5 ಗಂಟೆ 20 ನಿಮಿಷ. ಲೇಪ, ಉಜ್ಜುವಿಕೆಗೆ 2 ಗಂಟೆ. ಇದು ಬಾಯಿ ಮತ್ತು ಹೊಟ್ಟೆಯನ್ನು ಮೇಲಿಂದ ಮೇಲೆ ನಯ ಮಾಡುವುದಕ್ಕೆ, ಕನ್ನಡಿ ಹೊಳಪಿಗೆ ಸಾಲದು. ಆವಿಗೆ ಜೋಡಿಸಿ, ಸುಟ್ಟು, ಬಿಚ್ಚಲು ಕೈ ಹಿಡಿಯುವ ಹೊತ್ತು 8 ಗಂಟೆ. ಒಟ್ಟು 31 ಗಂಟೆ. 40ರಲ್ಲಿ 5 ಒಡೆದೋ ಬಿರಿದೋ ಹೋದರೆ ಉಳಿಯುವುದು 35. ಒಂದಕ್ಕೆ 53 ನಿಮಿಷ. ಒಂದು ಗಂಟೆ ಎಂದು ಹಿಡಿಯಿರಿ. ಮಿಕ್ಕ ಏಳು ನಿಮಿಷ ಮುಂದೆ ಬದಲಾಯಿಸಿ ಕೊಡಬೇಕಾಗುವ ಪಾತ್ರೆಗಳಿಗೆ.

ಒಡೆದದ್ದರ ಪಾಲನ್ನು ಪ್ರತಿ ಸುತ್ತಿಗೂ ಬದಲಿಸಬೇಡಿ. ನಾಲ್ಕೈದು ಆವಿಗೆಗಳ ಸರಾಸರಿ ಹಿಡಿದು ವರ್ಷಕ್ಕೊಮ್ಮೆ ದರ ನಿಲ್ಲಿಸಿ. ಕಳೆದ ವಾರ ಒಂದು ಗಂಟೆಗೆ ಒಯ್ದ ಅಳಗೆಗೆ ಈ ವಾರ ಒಂದೂಕಾಲು ಗಂಟೆ ಎಂದರೆ ಯಾರಿಗೂ ಹಿಡಿಸುವುದಿಲ್ಲ.

ಬೇರೆ ಪಾತ್ರೆಗಳಿಗೂ ಇದೇ ರೀತಿ ಲೆಕ್ಕ ಮಾಡಿ, ಕಾಲು ಗಂಟೆಗೆ ಸರಿಹೊಂದಿಸಿ. ಮುಚ್ಚಳ ಕಾಲು ಗಂಟೆ, ಓಡು ಮುಕ್ಕಾಲು, ಐದು ಲೀಟರಿನ ಹೂಜಿ ಒಂದೂವರೆಯಿಂದ ಎರಡು ಗಂಟೆ, ಏಕೆಂದರೆ ಅದರ ಕತ್ತು ಕೂಡಿಸುವಲ್ಲಿ ಹೆಚ್ಚು ನಷ್ಟ. ಹಣತೆ ಒಂದಕ್ಕೆ ಮೂರು ನಿಮಿಷದಂತೆ ಹತ್ತಕ್ಕೆ ಅರ್ಧ ಗಂಟೆ. ನಿಮ್ಮ ಕೈವೇಗಕ್ಕೆ ಇವು ಬದಲಾಗುತ್ತವೆ. ಅಂಕಿಗಳನ್ನು ನಕಲು ಮಾಡಬೇಡಿ, ಕ್ರಮವನ್ನು ಹಿಡಿಯಿರಿ.

ಸಾಮಾನಿನ ಖರ್ಚು ಬೇರೆ

ಅಮೆರಿಕದ ಸಿನ್ಸಿನಾಟಿಯಲ್ಲಿ 1827ರಲ್ಲಿ ಜೊಸಾಯಾ ವಾರನ್ ಎಂಬವರು ನಡೆಸಿದ ಅಂಗಡಿಯಲ್ಲಿ ಸಾಮಾನಿನ ಅಸಲು ದುಡ್ಡಿನಲ್ಲಿ, ಅಂಗಡಿಯವರು ಗಿರಾಕಿಗೆ ಕೊಟ್ಟ ಹೊತ್ತು ಗಿರಾಕಿಯ ಹೊತ್ತಿನಲ್ಲಿ ಸಂದಾಯವಾಗುತ್ತಿತ್ತು. ಗಡಿಯಾರ ನೋಡಿಯೇ ವ್ಯವಹಾರ. ಮಡಕೆಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಮಣ್ಣು ತಂದ ಜೀಪಿನ ಬಾಡಿಗೆ, ಕೊಂಡ ಸೌದೆ, ತಿಗರಿಯ ಮೋಟಾರಿನ ಕರೆಂಟು: ಇದನ್ನು ಗಂಟೆಯಿಂದ ತೀರಿಸಲು ಸಾಧ್ಯವಿಲ್ಲ. ಒಂದು ಸುತ್ತಿಗೆ 2,100 ರೂಪಾಯಿ ಕೈಬಿಟ್ಟಿದ್ದರೆ 35 ಪಾತ್ರೆಗಳಿಗೆ ತಲಾ 60. ಆಗ ಅಳಗೆಯ ದರ ‘ಒಂದು ಗಂಟೆ ಮತ್ತು ಅರುವತ್ತು ರೂಪಾಯಿ’.

ಈ ರೂಪಾಯಿಯನ್ನೂ ಸಾಮಾನಿನಲ್ಲೇ ಪಡೆಯಲು ಇಲ್ಲಿ ಅನುಕೂಲ ಹೆಚ್ಚು. ತೆಂಗಿನ ಸಿಪ್ಪೆ, ಗೆರಟೆ, ಮಡಲು, ಅಡಿಕೆ ಸೋಗೆ ಹಿತ್ತಿಲಲ್ಲಿ ಬಿದ್ದಿರುತ್ತದೆ. ಆದರೆ ದರ ಗೋಣಿಗೆ ಇರಲಿ, ‘ಸ್ವಲ್ಪ ಸಿಪ್ಪೆ’ಗೆ ಬೇಡ. ತುಂಬಿದ ಒಂದು ಗೋಣಿ ಒಣ ಸಿಪ್ಪೆಗೆ ಇಷ್ಟು ಎಂದು ಮೊದಲೇ ಹೇಳಿ. ಹಸಿ ಸಿಪ್ಪೆಯನ್ನು ಅರ್ಧಕ್ಕೂ ಹಿಡಿಯಬೇಡಿ, ಅದು ಹೊಗೆಯಾಡುತ್ತದೆಯೇ ವಿನಾ ಶಾಖ ಏರಿಸುವುದಿಲ್ಲ. ಪ್ಲಾಸ್ಟಿಕ್, ಟಯರು, ಬಣ್ಣ ಬಳಿದ ಹಲಗೆ ಗೋಣಿಯಲ್ಲಿ ಬೆರೆತು ಬಂದರೆ ಹೊರಗೆ ಹಾಕಿ. ಅಡಿಗೆಯ ಪಾತ್ರೆ ಸುಡುವ ಬೆಂಕಿ ಅದು.

ಗಂಟೆಗೆ ಗಂಟೆ, ಆದರೆ ಎಲ್ಲಿ?

ಮಾಷ್ಟ್ರ ಒಂದು ಗಂಟೆ, ಹೊಲಿಗೆಯ ಅಕ್ಕನ ಒಂದು ಗಂಟೆ, ಕುಂಬಾರರ ಒಂದು ಗಂಟೆ ಸಮ ಎಂದು ಹಿಡಿದರೆ ಮಾತ್ರ ಈ ವ್ಯವಹಾರ ಸರಳವಾಗಿ ನಿಲ್ಲುತ್ತದೆ. ಗಂಡಸಿನ ಗಂಟೆಗೆ ಒಂದು, ಹೆಂಗಸಿನ ಗಂಟೆಗೆ ಮುಕ್ಕಾಲು ಎಂಬ ತೋಟದ ರೂಢಿಯನ್ನು ಒಳಗೆ ಬಿಡಬೇಡಿ. ಸಲಕರಣೆ ತರುವವರಿಗೆ ಇಂಧನದ ಖರ್ಚು ದುಡ್ಡಿನಲ್ಲಿ ಕೊಡಿ: ಪಿಕಪ್ ತಂದು ಮಣ್ಣು ಸಾಗಿಸಿದವರ ಎರಡು ಗಂಟೆಗೆ ಎರಡೇ ಅಳಗೆ, ಡೀಸೆಲ್ ಬೇರೆ.

ಮಣ್ಣಿನ ಕೆಲಸದಲ್ಲಿ ಮಾತ್ರ ಗಡಿಯಾರ ಸಾಲದು. ಹೊಸಬರು ಎರಡು ಗಂಟೆಯಲ್ಲಿ ಸೋಸುವುದನ್ನು ರೂಢಿ ಇದ್ದವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಹೊತ್ತಿಗೆ ಹೊತ್ತು ಕೊಟ್ಟರೆ ನಿಮಗೆ ಉಳಿದದ್ದು ಒಂದು ಗಂಟೆ, ಕೊಟ್ಟದ್ದು ಎರಡು. ಆದ್ದರಿಂದ ಇಲ್ಲಿ ಕೆಲಸದ ಅಳತೆ ಕಟ್ಟಿ: ಇಷ್ಟು ಬಾಲ್ದಿ ಕೆಸರು ಸೋಸಿದರೆ ಒಂದು ಗಂಟೆ, ಇಷ್ಟು ಅಳಗೆ ಉಜ್ಜಿದರೆ ಒಂದು ಗಂಟೆ. ಸಾಧಾರಣ ಕೈವೇಗಕ್ಕೆ ತಕ್ಕ ಅಳತೆ ಇರಲಿ, ನಿಮ್ಮ ವೇಗಕ್ಕೆ ಬೇಡ. ಮೊದಲ ಸಲ ಬಂದವರಿಗೆ ಮಾತ್ರ ಗಡಿಯಾರದ ಲೆಕ್ಕವನ್ನೇ ಕೊಡಿ. ನಿಧಾನ ಎಂದು ಮೊದಲ ದಿನವೇ ಕತ್ತರಿಸಿದರೆ ಎರಡನೇ ದಿನ ಬರುವುದಿಲ್ಲ.

ವರ್ಷದಲ್ಲಿ ಯಾವಾಗ ಯಾವ ಗಂಟೆ

ಒಣಹವೆಯ ತಿಂಗಳುಗಳು ಮಣ್ಣಿನವು. ಗದ್ದೆ ಆರಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಇಡೀ ವರ್ಷಕ್ಕೆ ಬೇಕಾದ ಆವೆಮಣ್ಣು ಅಂಗಳಕ್ಕೆ ಬಂದು ಒಣಗಿ ಒಡೆದಿರಬೇಕು. ಹೊರೆ ಹೊರುವ, ಒಡೆಯುವ, ಸೋಸುವ ಗಂಟೆಗಳನ್ನು ಈ ಅವಧಿಗೇ ಗೊತ್ತುಮಾಡಿ. ಸಿಪ್ಪೆ, ಮಡಲು, ಸೌದೆ ಮಾಡಿನಡಿ ಸೇರಲು ಪತ್ತನಾಜೆ (ತುಳುವರ ಬೇಸ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ) ಕೊನೆಯ ಗಡುವು. ಮೇ ಕೊನೆಯ ವಾರದಿಂದ ಯಾವಾಗ ಬೇಕಾದರೂ ಮಳೆ ಹಿಡಿಯಬಹುದು.

ಜನರಿಗೆ ಬಿಡುವಿಲ್ಲದ ದಿನಗಳನ್ನೂ ತಿಳಿದಿರಬೇಕು. ಮಳೆ ಶುರುವಿನಲ್ಲಿ ಅಡಿಕೆಗೆ ಕೊಳೆರೋಗದ ಔಷಧ ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿ, ಮತ್ತೆ 40-45 ದಿನಕ್ಕೆ ಇನ್ನೊಂದು ಸಿಂಪಡಣೆ. ಏಣಿಲಿನ (ಮಳೆಗಾಲದ ಭತ್ತದ ಬೆಳೆಯ) ನಾಟಿ, ಕೊಯ್ಲು. ಚಳಿಗಾಲದಿಂದ ಅಡಿಕೆ ಕೊಯ್ಲು, ಸುಲಿತ. ದೀಪಾವಳಿ ಕಳೆದು ಪತ್ತನಾಜೆಯವರೆಗೆ ಕೋಲ, ಜಾತ್ರೆ. ರಾತ್ರಿ ನಿದ್ದೆಗೆಟ್ಟವರನ್ನು ಮರುದಿನ ಬೆಳಗ್ಗೆ ಎಂಟಕ್ಕೆ ಕರೆಯುವುದರಲ್ಲಿ ಅರ್ಥವಿಲ್ಲ. ಉದ್ಯೋಗ ಖಾತ್ರಿ ಕೆಲಸ ಇರುವ ದಿನ ಅದನ್ನು ಬಿಟ್ಟು ಬನ್ನಿ ಎನ್ನುವುದಂತೂ ತಪ್ಪು: ಅದು ಅವರ ಕೈಗೆ ಬರುವ ದುಡ್ಡು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿ ಪಾತ್ರೆ ಒಣಗಲು ಎರಡು-ಮೂರು ವಾರ ಬೇಕು. ಬೇಸಿಗೆಯ ನೆರಳಲ್ಲಿ ಐದಾರು ದಿನ ಸಾಕು. ಮಳೆಗಾಲದಲ್ಲಿ ಕೊಡುವ ಪಾತ್ರೆಗಳಿಗೆ ಕಾಗದದ ಕೆಲಸ, ಹೊಲಿಗೆ, ಪಾಠದ ಗಂಟೆಗಳನ್ನು ಪಡೆಯಿರಿ, ಅಥವಾ ಜನವರಿಯ ನಂತರದ ತಾರೀಕನ್ನೇ ಬರೆಸಿಕೊಳ್ಳಿ.

ಮಾತು ಹೇಗೆ, ಬರೆಯುವುದು ಹೇಗೆ

ಪಾತ್ರೆ ಕೈಗೆ ಕೊಡುವ ಹೊತ್ತಿಗೇ ದಿನ, ಗಂಟೆ, ಕೆಲಸ ಮೂರೂ ಬಾಯಲ್ಲಿ ಬರಬೇಕು. ‘ಅಕ್ಕಾ, ಅಳಗೆ ತೆಕ್ಕೊಂಡು ಹೋಗಿ. ಬರುವ ಶನಿವಾರ ಬೆಳಗ್ಗೆ ಎಂಟಕ್ಕೆ ಬನ್ನಿ, ಕೆಸರು ಸೋಸಲಿಕ್ಕುಂಟು, ಒಂದು ಗಂಟೆ.’ ‘ಪುರುಸೊತ್ತಾದಾಗ ಬರುತ್ತೇನೆ’ ಎಂಬ ಉತ್ತರ ಬಂದರೆ ಪಾತ್ರೆಯನ್ನು ಹೆಸರು ಬರೆದು ಎತ್ತಿಟ್ಟು, ‘ಆಗಲಿ, ಬಂದ ದಿನ ಒಯ್ಯಿರಿ’ ಎನ್ನಿ. ಇದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. ಕೊಟ್ಟು ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ನೆನಪಿಸುವುದು ಇಬ್ಬರಿಗೂ ಇದಕ್ಕಿಂತ ಕಷ್ಟ. ಆರ್ಡರು ಕೊಟ್ಟು ಮಾಡಿಸುವ ಪಾತ್ರೆಯಾದರೆ ಅರ್ಧ ಹೊತ್ತು ಮೊದಲೇ ಬರಲಿ. ನಿಮ್ಮ ಅಳತೆಯಲ್ಲದ ಪಾತ್ರೆಯನ್ನು ಅವರು ಬಿಟ್ಟರೆ ಇನ್ನೊಬ್ಬರು ಒಯ್ಯುವುದಿಲ್ಲ.

ಪುಸ್ತಕ ಒಂದೇ ಇರಲಿ, ಉದ್ದ ಗೆರೆಯ ಶಾಲಾ ಪುಸ್ತಕ ಸಾಕು. ಪ್ರತಿ ಮನೆಗೆ ಒಂದು ಪುಟ. ಬರೆಯುವ ರೀತಿ: ‘ಮಾರ್ಚ್ 8. ಎರಡು ಲೀಟರ್ ಅಳಗೆ 1, ಮುಚ್ಚಳ 1. ಒಂದೂಕಾಲು ಗಂಟೆ, ರೂ. 60 ಸಂದಿದೆ. ಬರುವ ದಿನ ಮಾರ್ಚ್ 14 ಬೆಳಗ್ಗೆ 8. ಕೆಸರು ಸೋಸುವುದು.’ ಕೆಳಗೆ ಇಬ್ಬರ ಸಹಿ. ಕೆಲಸ ಆದ ದಿನ ಅದೇ ಸಾಲಿನ ಎದುರು ಎಷ್ಟು ಹೊತ್ತು ಎಂದು ಬರೆದು ಮತ್ತೆ ಸಹಿ, ಬಾಕಿ. ವಾಟ್ಸಾಪಿನಲ್ಲಿ ಮಾತ್ರ ಬರೆದಿಟ್ಟರೆ ಮೊಬೈಲು ಬದಲಾದಾಗ ಲೆಕ್ಕವೂ ಹೋಗುತ್ತದೆ. ಪುಟದ ಫೋಟೋ ತೆಗೆದು ಅವರಿಗೆ ಕಳಿಸುವುದು ಒಳ್ಳೆಯದು.

ಅರ್ಧ ಗಂಟೆಗಿಂತ ಚಿಕ್ಕ ತುಂಡನ್ನು ಜಮೆ ಮಾಡಬೇಡಿ. ಹೋಗುವ ದಾರಿಯಲ್ಲಿ ಹತ್ತು ನಿಮಿಷ ನಿಂತು ಎರಡು ಗೋಣಿ ಎತ್ತಿಕೊಟ್ಟದ್ದು ನೆರೆಹೊರೆಯ ಸಹಾಯ, ಅದಕ್ಕೆ ಚಹಾ ಕೊಡಿ. ನಡೆದು ಬರುವ ಹೊತ್ತು ಲೆಕ್ಕಕ್ಕಿಲ್ಲ. ಬಸ್ಸಿನಲ್ಲಿ ಬರುವಷ್ಟು ದೂರವಾದರೆ ಟಿಕೆಟಿನ ದುಡ್ಡು ಕೊಟ್ಟು, ಒಮ್ಮೆಗೆ ಮೂರು ಗಂಟೆಯಾದರೂ ಇರುವಂತೆ ಗೊತ್ತುಮಾಡಿ.

ಬಾಕಿಗೆ ಮಿತಿ ಬೇಕು. ಯಾವ ಕಡೆಯೂ ನಾಲ್ಕು ಗಂಟೆ ದಾಟಬಾರದು. ನಾಲ್ಕು ಮುಟ್ಟಿದವರಿಗೆ ಮುಂದಿನ ಪಾತ್ರೆ ದುಡ್ಡಿಗೆ. ನೀವೇ ನಾಲ್ಕು ಗಂಟೆ ಕೊಡಬೇಕಾಗಿದ್ದರೆ ಹೊಸ ಕೆಲಸ ಹೇಳುವ ಮೊದಲು ಪಾತ್ರೆ ಕೊಟ್ಟು ತೀರಿಸಿ.

ಚೀಟಿಯೋ ಮಣ್ಣಿನ ಬಿಲ್ಲೆಯೋ ಮಾಡಿ ಕೊಡುವ ಆಸೆ ಹಲವರಿಗಿದೆ. ಮುದ್ರೆ ಒತ್ತಿ ಅದೇ ಆವಿಗೆಯಲ್ಲಿ ಸುಟ್ಟ ಬಿಲ್ಲೆ ನೋಡಲು ಚಂದ, ಮಕ್ಕಳಿಗೆ ಖುಷಿ. ಆದರೆ ಅದು ಕೈಯಿಂದ ಕೈಗೆ ಹೋಗಿ, ನಿಮಗೆ ಗುರುತಿಲ್ಲದವರು ಯಾವುದೋ ದಿನ ತಂದು ಅಳಗೆ ಕೇಳುತ್ತಾರೆ. ಕೊಡುವುದಾದರೆ ಸಂಖ್ಯೆ ಮತ್ತು ಹೆಸರು ಇರಲಿ. ರೂಪಾಯಿ ಮೊತ್ತ ಬರೆದು ‘ತಂದವರಿಗೆ ಕೊಡಲಾಗುವುದು’ ಎಂಬ ಚೀಟಿ ಮಾತ್ರ ಬೇಡವೇ ಬೇಡ: ಬೇಡಿಕೆ ಬಂದೊಡನೆ ತಂದವರಿಗೆ ದುಡ್ಡು ಕೊಡುವ ಪತ್ರ ಹೊರಡಿಸುವುದನ್ನು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಮು ಖಾಸಗಿಯವರಿಗೆ ನಿಷೇಧಿಸಿದೆ.

ಮೊದಲ ವರ್ಷ ಐದಾರು ಮನೆಗಿಂತ ಹೆಚ್ಚು ಹಚ್ಚಿಕೊಳ್ಳಬೇಡಿ. ಹತ್ತಿರದಲ್ಲಿ ಕುಟುಂಬಶ್ರೀಯ ಹೆಂಗಸರ ಸ್ವಸಹಾಯ ಗುಂಪು ಇದ್ದರೆ ಅಲ್ಲಿಂದ ಶುರು ಮಾಡುವುದು ಸುಲಭ: ಸೇರುವ ದಿನ ಗೊತ್ತಿರುತ್ತದೆ, ಲೆಕ್ಕ ಬರೆದು ರೂಢಿ ಇರುತ್ತದೆ, ಯಾರು ಮಾತಿಗೆ ನಿಲ್ಲುತ್ತಾರೆ ಎಂಬುದೂ ಅವರಿಗೆ ಗೊತ್ತು.

ಬಂದವರ ಕೈಗೆ ಕೆಲಸ ಕೊಡುವಾಗ

ಬಂದವರನ್ನು ಕಾಯಿಸಬಾರದು. ನೀವು ಬಾಲ್ದಿ ಹುಡುಕುವ ಹತ್ತು ನಿಮಿಷವೂ ಅವರ ಲೆಕ್ಕದಲ್ಲಿ ಸೇರುತ್ತದೆ. ಮಣ್ಣು ಹಿಂದಿನ ದಿನವೇ ನೆಂದಿರಬೇಕು. ಪೂರ್ತಿ ಒಣಗಿದ ಹೆಂಟೆ ನೀರಿಗೆ ಬಿದ್ದೊಡನೆ ಅರಳಿ ಕೆಸರಾಗುತ್ತದೆ. ಅರೆಹಸಿ ಹೆಂಟೆ ಎರಡು ದಿನ ಇಟ್ಟರೂ ನಡುವೆ ಗಟ್ಟಿಯಾಗಿ ಉಳಿದು, ಸೋಸಲು ಬಂದವರ ಅರ್ಧ ಹೊತ್ತನ್ನು ಹಿಸುಕುವುದರಲ್ಲೇ ಕಳೆಯಿಸುತ್ತದೆ.

ಸೋಸಲು ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಸಾಕು. ಜಾಲರಿಯಲ್ಲಿ ಉಳಿದದ್ದರಲ್ಲಿ ಬಿಳಿ ಚೂರು, ಚಿಪ್ಪಿನ ತುಂಡು ಇದೆಯೇ ಎಂದು ನೋಡಲು ಹೇಳಿ. ಕಡಲಿಗೆ ಹತ್ತಿರದ ಬಯಲುಗಳ ಮಣ್ಣಿನಲ್ಲಿ ಇದು ಸಿಗಬಹುದು. ಸುಡುವಾಗ ಚಿಪ್ಪು ಸುಣ್ಣವಾಗುತ್ತದೆ. ಸುಟ್ಟ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಕೆಲವು ದಿನ ಕಳೆದು ಪಾತ್ರೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಅಷ್ಟರಲ್ಲಿ ಪಾತ್ರೆ ಬೇರೆಯವರ ಅಡಿಗೆಮನೆಯಲ್ಲಿರುತ್ತದೆ.

ಅಡಿಗೆಯ ಪಾತ್ರೆಗೆ ಆರೆಂಟು ಪಾಲು ಮಣ್ಣಿಗೆ ಒಂದು ಪಾಲು ನಯವಾದ ಹೊಳೆಹೊಯಿಗೆ (ಹೊಳೆಯ ಮರಳು) ಬೆರೆಸಿದರೆ ಒಲೆಯ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಕಡಲ ಹೊಯಿಗೆ ಬೇಡ, ಉಪ್ಪೂ ಚಿಪ್ಪೂ ಎರಡೂ ಇರುತ್ತದೆ. ತುಳಿಯುವವರಿಗೆ ಹೇಳಬೇಕಾದ್ದು: ಅಂಚಿನಿಂದ ಸುತ್ತು ಬಂದು ನಡುವೆ ಮುಗಿಸಿ, ಮಡಿಚಿ, ಮತ್ತೆ ಅದೇ. ಮುಗಿಯಿತೋ ಇಲ್ಲವೋ ಎಂಬುದಕ್ಕೆ ಗಡಿಯಾರ ನೋಡಬೇಡಿ. ಮುದ್ದೆಯನ್ನು ತಂತಿಯಿಂದ ಕೊಯ್ದು ನೋಡಿ. ಗಾಳಿತೂತು, ಹೊಯಿಗೆಯ ಗೆರೆ ಕಂಡರೆ ಇನ್ನೊಂದು ಸುತ್ತು.

ಉಜ್ಜುವ ಕೆಲಸ ಮುದುಕರಿಗೂ ಆಗುತ್ತದೆ, ಕೂತು ಮಾತಾಡುತ್ತ ಮಾಡಬಹುದು. ಆದರೆ ಹದ ನೀವೇ ನೋಡಿ ಕೊಡಬೇಕು: ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಮಣ್ಣು ಅಂಟಬಾರದು. ಹಸಿಯಿದ್ದರೆ ಕಲ್ಲು ಗೀರುತ್ತದೆ, ಹೆಚ್ಚು ಒಣಗಿದ್ದರೆ ಹೊಳಪು ಏಳುವುದಿಲ್ಲ. ಈ ಹದ ಕೆಲವೇ ಗಂಟೆ ಇರುವುದರಿಂದ ಉಜ್ಜುವವರಿಗೆ ಕೊಟ್ಟ ತಾರೀಕು ಒಂದು ದಿನ ಅತ್ತಿತ್ತ ಆದರೂ ಆ ಸುತ್ತಿಗೆ ಅವರಿಂದ ಪ್ರಯೋಜನವಿಲ್ಲ. ಮೋಡ ನೋಡಿ ಹಿಂದಿನ ಸಂಜೆ ಫೋನು ಮಾಡುವ ಏರ್ಪಾಡು ಇರಲಿ.

ಆವಿಗೆಗೆ ಇಬ್ಬರು ಬೇಕು. ಮೊದಲ ಎರಡು-ಮೂರು ಗಂಟೆ ಸಣ್ಣ ಬೆಂಕಿ ಮಾತ್ರ. ಪಾತ್ರೆಯ ಮೈಯಲ್ಲಿ ಉಳಿದ ತೇವ ನಿಧಾನಕ್ಕೆ ಆವಿಯಾಗಬೇಕು, ಇಲ್ಲದಿದ್ದರೆ ಒಳಗೇ ಸಿಡಿಯುತ್ತದೆ. ಬಂದವರು ಉತ್ಸಾಹದಿಂದ ಸಿಪ್ಪೆ ಎಸೆಯುವುದು ಈ ಹೊತ್ತಿನಲ್ಲೇ. ಈ ಭಾಗ ನಿಮ್ಮ ಕೈಯಲ್ಲಿರಲಿ. ಅವರಿಗೆ ಹೊರುವುದು, ಜೋಡಿಸುವುದು, ಬೆಂಕಿ ಏರಿದ ಮೇಲೆ ಕಾಯುವುದು. ಆರುವಾಗಲೂ ಅವಸರ ಕೂಡದು: 573 ಡಿಗ್ರಿಯ ಆಸುಪಾಸಿನಲ್ಲಿ ಹೊಯಿಗೆಯ ಕಣಗಳು ಒಮ್ಮೆಲೆ ಕುಗ್ಗುತ್ತವೆ, ಆಗ ತಣ್ಣನೆ ಗಾಳಿ ಹೊಡೆದರೆ ಬಿರುಕು. ಎದ್ದು ಕಾವಲು ಕೂತ ಹೊತ್ತು ಪೂರ್ತಿ ಜಮೆ. ಜಗಲಿಯಲ್ಲಿ ಮಲಗಿದ ಹೊತ್ತು ಇಲ್ಲ. ಮಕ್ಕಳು ಅಪ್ಪ-ಅಮ್ಮನ ಜತೆ ಬಂದರೆ ಬರಲಿ, ಆವಿಗೆಯ ಹತ್ತಿರ ಬೇಡ, ಅವರ ಕೆಲಸವನ್ನು ಗಂಟೆಯಾಗಿ ಬರೆಯಲೂ ಬೇಡ.

ಮೇಲಿನ 31 ಗಂಟೆಯ ಲೆಕ್ಕದಲ್ಲಿ ಹೊರಗಿನವರು ಮಾಡಬಹುದಾದ್ದು ಸೋಸುವ 6, ತುಳಿಯುವ 3, ಉಜ್ಜುವ 2, ಆವಿಗೆಯ ಸುಮಾರು 4, ಒಟ್ಟು 15 ಗಂಟೆ. ಒಂದು ಸುತ್ತಿಗೆ ಅದಕ್ಕಿಂತ ಹೆಚ್ಚು ಮಣ್ಣಿನ ಗಂಟೆ ಒಪ್ಪಿಕೊಂಡರೆ ಬಂದವರು ಸುಮ್ಮನೆ ಕೂರುತ್ತಾರೆ.

ಪಾತ್ರೆ ಒಡೆದರೆ

ಆವಿಗೆಯಿಂದ ತೆಗೆದ ದಿನವೇ ಕೊಡಬೇಡಿ. ಬೆರಳ ಗೆಣ್ಣಿನಿಂದ ಬಡಿದು ನೋಡಿ. ಸ್ಪಷ್ಟ ನಾದ ಬಾರದೆ ‘ಡಬ್’ ಎಂದರೆ ಎಲ್ಲೋ ಬಿರುಕಿದೆ. ಆಮೇಲೆ ಒಂದು ದಿನ ನೀರಿನಲ್ಲಿ ಮುಳುಗಿಸಿ, ಒಂದು ವಾರ ಇಟ್ಟು ನೋಡಿ. ಸುಣ್ಣದ ಚೂರಿದ್ದರೆ ಬಹುಪಾಲು ಈ ಅವಧಿಯಲ್ಲೇ ಹೊರಬೀಳುತ್ತದೆ.

ಪಳಗಿಸುವ ಕ್ರಮವನ್ನು ಕೊಡುವಾಗಲೇ ಹೇಳಿ: ನೀರಿನಲ್ಲಿ ಒಂದು ದಿನ ನೆನೆಸಿ, ಗಂಜಿತೆಳಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ಹಾಗೇ ಆರಲು ಬಿಡುವುದು. ಓಡಿಗೆ ತೆಂಗಿನೆಣ್ಣೆ ಸವರಿ ಎರಡು ಸಲ ಬಿಸಿ ಮಾಡುವುದು. ಖಾಲಿ ಪಾತ್ರೆಯನ್ನು ಗ್ಯಾಸಿನ ದೊಡ್ಡ ಉರಿಗೆ ಇಡಬಾರದು, ಬಿಸಿ ಪಾತ್ರೆಗೆ ತಣ್ಣೀರು ಹೊಯ್ಯಬಾರದು, ಇಳಿಸಿದ್ದನ್ನು ಒದ್ದೆ ಕಲ್ಲಿನ ಮೇಲೆ ಇಡಬಾರದು.

ಬದಲಿ ಕೊಡುವ ನಿಯಮ ಪುಸ್ತಕದ ಮೊದಲ ಪುಟದಲ್ಲೇ ಇರಲಿ. ಸುಣ್ಣ ಹಾರಿದರೆ ಯಾವಾಗಲೂ ಬದಲಿ. ಪಳಗಿಸುವಾಗಲೋ ಮೊದಲ ಮೂರು ಅಡಿಗೆಯೊಳಗೋ ಬಿರಿದರೆ, ಪಳಗಿಸಿದ್ದು ಹೌದು ಎಂದಾದರೆ, ಬದಲಿ. ಒಡಕನ್ನು ತಂದು ತೋರಿಸಬೇಕು, ಏಕೆಂದರೆ ಬಿರುಕಿನ ಜಾಗ ನೋಡಿದರೆ ತಪ್ಪು ಮಣ್ಣಿನದೋ ಒಲೆಯದೋ ತಿಳಿಯುತ್ತದೆ. ತಳದಲ್ಲಿ ಅಡ್ಡ ಸೀಳು ಬಿದ್ದಿದ್ದರೆ ಒಣಗಿಸುವಾಗಿನ ದೋಷ ಇರಬಹುದು. ಕೈತಪ್ಪಿ ಬಿದ್ದದ್ದಕ್ಕೆ ಬದಲಿ ಇಲ್ಲ. ಹಾಗೆಯೇ ಅವರ ಕೆಲಸ ಕೆಟ್ಟರೆ: ಹೊಲಿಗೆ ಬಿಟ್ಟುಹೋದರೆ, ಅರ್ಜಿ ತಪ್ಪಾಗಿ ವಾಪಸು ಬಂದರೆ, ಸರಿಮಾಡಿಕೊಡುವ ಹೊತ್ತು ಹೊಸ ಲೆಕ್ಕಕ್ಕೆ ಬರುವುದಿಲ್ಲ.

ಮಿತಿ, ಕಾನೂನು

ಸುಟ್ಟ ಪಾತ್ರೆಗಳಲ್ಲಿ ನಾಲ್ಕನೇ ಒಂದು ಪಾಲು ಮಾತ್ರ ಹೊತ್ತಿಗೆ, ಉಳಿದದ್ದು ದುಡ್ಡಿಗೆ. 35ರಲ್ಲಿ ಎಂಟೋ ಒಂಬತ್ತೋ. ಕರೆಂಟು ಬಿಲ್ಲು, ರೇಶನು, ಮಕ್ಕಳ ಬಸ್ ಪಾಸು ಯಾವುದೂ ಗಂಟೆಯಲ್ಲಿ ಸಂದಾಯವಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ: ಒಂದು ಮನೆಗೆ ವರ್ಷಕ್ಕೆ ಮೂರು-ನಾಲ್ಕು ಪಾತ್ರೆಗಿಂತ ಹೆಚ್ಚು ಬೇಡ. ಅದೇ ಆರು ಮನೆಗಳಿಂದ ವಾರವಾರ ಹೊತ್ತು ಪಡೆದರೆ ಕೊನೆಗೆ ಅಟ್ಟದಲ್ಲಿ ಮಡಕೆ ರಾಶಿಯಾಗಿ, ‘ಈ ಸಲ ದುಡ್ಡೇ ಕೊಡಿ’ ಎನ್ನುತ್ತಾರೆ.

ವಾರವಾರ ಗೊತ್ತಾದ ಹೊತ್ತಿಗೆ ಬಂದು ಒಂದೇ ಕೆಲಸ ಮಾಡುವವರು ವಿನಿಮಯದವರಲ್ಲ, ಕೆಲಸಗಾರರು. ಅವರಿಗೆ ಸಂಬಳ ದುಡ್ಡಿನಲ್ಲೇ ಸಲ್ಲಬೇಕು. ಪಾತ್ರೆ ಮೊದಲು ಕೊಟ್ಟು, ಆ ಸಾಲ ತೀರುವವರೆಗೆ ದುಡಿಯಲೇಬೇಕು ಎಂದು ಕಟ್ಟಿಹಾಕುವುದಂತೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕೆಳಗೆ ಬರುವ ಅಪರಾಧದ ದಾರಿ. ನಾಲ್ಕು ಗಂಟೆಯ ಮಿತಿ ಇಟ್ಟದ್ದರ ಒಂದು ಉದ್ದೇಶ ಇದೇ. ಬರಲಾಗದವರು ಯಾವಾಗ ಬೇಕಾದರೂ ಪಾತ್ರೆಯ ಬೆಲೆ ಕೊಟ್ಟು ಬಿಡುಗಡೆ ಹೊಂದುವಂತಿರಲಿ. ಅದಕ್ಕಾಗಿ ಪ್ರತಿ ಪಾತ್ರೆಯ ರೂಪಾಯಿ ಬೆಲೆಯೂ ಪುಸ್ತಕದಲ್ಲಿ ಇರಬೇಕು.

2017ರ ಜಿಎಸ್‌ಟಿ ಕಾಯ್ದೆಯಲ್ಲಿ ವಸ್ತು ವಿನಿಮಯವೂ ಸರಬರಾಜೇ. ಮನೆಯಂಗಳದ ಕುಂಬಾರಿಕೆ ನೋಂದಣಿಯ ಮಿತಿಗಿಂತ ಎಷ್ಟೋ ಕೆಳಗಿರುತ್ತದೆ. ಆದರೆ ಸಂಘ ಮಾಡಿಕೊಂಡು ದೊಡ್ಡದಾಗಿ ಮಾರುವವರು ಹೊತ್ತಿಗೆ ಕೊಟ್ಟ ಪಾತ್ರೆಗಳ ಬೆಲೆಯನ್ನೂ ವಹಿವಾಟಿನಲ್ಲಿ ಸೇರಿಸಬೇಕು.

ಮಣ್ಣಿನ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಕೇರಳದಲ್ಲಿ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಗದ್ದೆಯ ಒಡೆಯರು ಒಪ್ಪಿದ ಮಾತ್ರಕ್ಕೆ ಆವೆಮಣ್ಣು ತೆಗೆಯುವಂತಿಲ್ಲ. ಕೃಷಿಭವನದಲ್ಲೂ ಗ್ರಾಮ ಕಚೇರಿಯಲ್ಲೂ ವಿಚಾರಿಸಿ, ಭೂವಿಜ್ಞಾನ ಇಲಾಖೆಯ ಅನುಮತಿ ಬೇಕಾದಲ್ಲಿ ಪಡೆದುಕೊಂಡು, ಆ ಕಾಗದ ಕೈಗೆ ಬಂದ ಮೇಲೆಯೇ ಮಣ್ಣು ತೆಗೆಯುವ, ಸಾಗಿಸುವ ಗಂಟೆಗಳಿಗೆ ಜನರನ್ನು ಕರೆಯಿರಿ. ಒಂದು ಅಳಗೆಗಾಗಿ ಬಂದವರನ್ನು ಪೊಲೀಸರ ಎದುರು ನಿಲ್ಲಿಸಬಾರದು. ಅನುಮತಿಯ ಓಡಾಟಕ್ಕೆ ಜತೆ ಬಂದವರ ಹೊತ್ತನ್ನೂ ಪುಸ್ತಕಕ್ಕೆ ಹತ್ತಿಸಿ. ಅರ್ಜಿ ಕೊಟ್ಟ ವಾರವೇ ಕಾಗದ ಸಿಗುತ್ತದೆಂದು ನಂಬಿ ಸೋಸುವವರಿಗೆ ತಾರೀಕು ಕೊಡಬೇಡಿ. ಫೆಬ್ರವರಿಯ ಮಣ್ಣಿಗೆ ಹಿಂದಿನ ಅಕ್ಟೋಬರಿನಲ್ಲೇ ಓಡಾಟ ಶುರುವಾಗಲಿ.